ಮೌಲಾಸಾಬ್ ಮಿಸ್ತ್ರಿಗೆ ಸನ್ಮಾನ

ನನಗೊಂದು ಚಾಳಿ ಇದೆ. ಕೆಟ್ಟು ನಿಂತ ವಸ್ತುವನ್ನು ಬಿಟ್ಟರೆ ಬೇರೆ ಯಾವುದೂ ನನ್ನ ಕಣ್ಣಿಗೆ ಬೀಳುವುದಿಲ್ಲ. ನಡುಮನೆಯ ಫ್ಯಾನು ಹನ್ನೆರಡು ವರ್ಷ ತಿರುಗಿದರೂ ಒಮ್ಮೆಯೂ ತಲೆಯೆತ್ತಿ ನೋಡದವನು, ಅದು ನಿಂತ ದಿನ ಮಾತ್ರ ಕುರ್ಚಿ ಹತ್ತಿ ಅದರ ಮೇಲಿನ ಹೆಸರು ಓದಿ, ಮಾಡಿದವರನ್ನು ಬಾಯಿ ತುಂಬ ಬೈದಿದ್ದೆ. ಇದೇ ಮಾತನ್ನು ನನ್ನ ಹೆಂಡತಿ ತನಗೆ ಜ್ವರ ಬಂದಾಗಲೆಲ್ಲ ಬೇರೆ ಉದಾಹರಣೆ ಕೊಟ್ಟು ಹೇಳುತ್ತಾಳೆ. ಇಂಥವನನ್ನು ಸಿಂಧನೂರಿನ ಒಂದು ಅಕ್ಕಿ ಗಿರಣಿಗೆ ಮ್ಯಾನೇಜರ್ ಮಾಡಿದ್ದಾರೆ ಎಂದರೆ ನೀವು ನಗಬಾರದು. ಗಿರಣಿ ಇನ್ನೂ ನಡೆಯುತ್ತಿದೆ. ಅದರಲ್ಲಿ ನನ್ನ ಪಾಲು ಎಷ್ಟು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ.

ಗಿರಣಿ ಇರುವುದು ಗೊರೇಬಾಳ ರಸ್ತೆಯಲ್ಲಿ. ಸುಗ್ಗಿ ಶುರುವಾದರೆ ಜವಳಗೇರಾ, ಮುಕ್ಕುಂದ ಕಡೆಯ ಭತ್ತದ ಟ್ರ್ಯಾಕ್ಟರುಗಳು ಗೇಟಿನಾಚೆಗೂ ಸಾಲುಗಟ್ಟುತ್ತವೆ. ಇಷ್ಟು ದೊಡ್ಡ ಗಿರಣಿಗೆ ಯಂತ್ರಗಳನ್ನು ನೋಡಿಕೊಳ್ಳುವ ಒಂದು ವಿಭಾಗ ಬೇಡವೇ? ಇದೆ. ವಿಭಾಗವೆಂದರೆ ಮೌಲಾಸಾಬ್ ಮಿಸ್ತ್ರಿ, ನಟ್ಟು ಬಿಚ್ಚುವ ಅವರ ಪಾನಾಗಳ ಪೆಟ್ಟಿಗೆ ಮತ್ತು ಒಂದು ಗ್ರೀಸ್ ಡಬ್ಬಿ. ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮಷಿನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೂರುತ್ತಾರೆ. ಒಳಗಿನ ಸದ್ದು ಕೇಳುವ ರೀತಿ ಅದು. ಮೊದಲ ಸಲ ನೋಡಿದಾಗ ನಿದ್ದೆ ಮಾಡುತ್ತಿದ್ದಾರೆಂದುಕೊಂಡು ಎಬ್ಬಿಸಿಬಿಟ್ಟಿದ್ದೆ. ಮಷಿನ್ ನಡೆಯುತ್ತಿದ್ದರೆ ಮಿಸ್ತ್ರಿಗೇನು ಕೆಲಸ, ಮಷಿನ್ ನಿಂತರೆ ಇಷ್ಟು ದಿನ ಮಿಸ್ತ್ರಿ ಏನು ಮಾಡುತ್ತಿದ್ದ ಎಂಬುದು ಆಗಿನ ನನ್ನ ಸಿದ್ಧಾಂತ. ಹೀಗಾಗಿ ಅವರ ಕೈ ಖಾಲಿ ಬಿಡಬಾರದೆಂದು ಆಫೀಸಿನ ಕುರ್ಚಿಯ ಗಾಲಿ, ಗಿರಣಿ ಮಾಲೀಕರಾದ ಸಾಹುಕಾರರ ಕೂಲರು, ನಮ್ಮ ಮನೆಯ ಮಿಕ್ಸಿ ಎಲ್ಲವನ್ನೂ ಆ ವಿಭಾಗಕ್ಕೆ ಒಪ್ಪಿಸುತ್ತಿದ್ದೆ.

ಈ ಸಲ ಸುಗ್ಗಿಯ ಮೊದಲಲ್ಲೇ ಮೌಲಾಸಾಬರು ನನ್ನ ಮೇಜಿನ ಮುಂದೆ ಬಂದು ನಿಂತರು. "ಸಾಹೇಬ್ರ, ಭತ್ತ ಮ್ಯಾಲ ಒಯ್ಯೋ ಎಲಿವೇಟರ್ ಐತಲ್ರೀ, ಅದರ ತುದಿ ಬೇರಿಂಗ್ ಅಳಾಕತ್ತೈತಿ. ಎರಡು ತಾಸು ಬಂದ್ ಮಾಡಿ ಕೊಡ್ರಿ, ಬದಲಿ ಮಾಡ್ತೀನಿ."

"ನನಗೇನೂ ಕೇಳ್ಸವಲ್ದಲ್ಲ," ಎಂದೆ.

"ನಿಮಗ ಕೇಳೋ ಹೊತ್ತಿಗೆ ಅದು ಸತ್ತಿರತೈತ್ರಿ."

ಎರಡು ತಾಸು ಎಂದರೆ ಸಣ್ಣ ಮಾತೇ? ಲಿಂಗಸುಗೂರಿನಲ್ಲಿರುವ ನಮ್ಮ ಸಾಹುಕಾರರು ದಿನಾ ಬೆಳಿಗ್ಗೆ ಫೋನ್ ಮಾಡಿ, "ಮಷಿನ್ ನಡದೈತಿಲ್ಲ?" ಎಂದು ಒಂದೇ ಪ್ರಶ್ನೆ ಕೇಳುತ್ತಾರೆ. "ನಡದೈತ್ರಿ" ಎನ್ನುವುದೇ ನನ್ನ ನೌಕರಿ. ಅದಕ್ಕೇ, ಭತ್ತ ಕಡಿಮೆ ಬರುವ ಅಮಾವಾಸ್ಯೆ ದಿನ ನೋಡೋಣ ಎಂದೆ. ಅಮಾವಾಸ್ಯೆ ಬಂತು, ಅವತ್ತೂ ಲಾರಿ ನಿಂತಿತ್ತು. ಇನ್ನೊಂದು ಅಮಾವಾಸ್ಯೆಯೂ ಬಂದು ಹೋಯಿತು. ಮೂರನೆಯದು ಹೋದ ಮೇಲೆ ಮೌಲಾಸಾಬರು ಕೇಳುವುದನ್ನೇ ಬಿಟ್ಟರು. ಪೀಡೆ ತೊಲಗಿತು ಎಂದು ನಾನು ನೆಮ್ಮದಿಯಾಗಿದ್ದೆ.

ಒಂದು ದಿನ ಬಂದು, "ಮುಂದಿನ ತಿಂಗಳಿಂದ ನಾ ಮಸ್ಕಿ ಗಿರಣಿಗೆ ಹೊಂಟೀನ್ರಿ," ಎಂದರು.

ಅವರಿಲ್ಲದೆ ಈ ಗಿರಣಿಯನ್ನು ಒಂದು ದಿನ ನಡೆಸುವುದೂ ನನ್ನಿಂದಾಗದು. ಯಾವ ಸ್ವಿಚ್ಚು ಯಾವುದಕ್ಕೆಂಬುದೇ ನನಗೆ ಗೊತ್ತಿಲ್ಲ. "ಪಗಾರ ಹೆಚ್ಚು ಕೊಡ್ತಾರೇನ್ರಿ?" ಎಂದು ಕೇಳಿದೆ.

"ಪಗಾರ ಅಲ್ಲೂ ಇಷ್ಟೇ ಐತ್ರಿ. ಅಲ್ಲಿ ವಾರಕ್ಕೊಮ್ಮೆ ಎರಡು ತಾಸು ಮಷಿನ್ ಬಂದ್ ಮಾಡಿ ಕೊಡ್ತಾರಂತ. ಇಲ್ಲಿ ಮಷಿನ್ ಸಾಯೂದು ನೋಡ್ಕೋಂತ ಕೂಡಾಕ ನನ್ನ ಕೈಲಿ ಆಗವಲ್ದು."

ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು. ಬುದ್ಧಿ ಇದ್ದವನು ಅಲ್ಲೇ ಎದ್ದು ಎರಡು ತಾಸು ಕೊಡುತ್ತಿದ್ದ. ನಾನು ರಾತ್ರಿಯಿಡೀ ಯೋಚಿಸಿ, ಪಾಪ, ಮನುಷ್ಯನಿಗೆ ಮರ್ಯಾದೆ ಕಡಿಮೆಯಾಗಿದೆ ಎಂಬ ತೀರ್ಮಾನಕ್ಕೆ ಬಂದು ಶಾಲು ತರಿಸಿದೆ.

ಗಿರಣಿಯ ಅಂಗಳದಲ್ಲಿ ಶಾಮಿಯಾನಾ ಹಾಕಿಸಿದೆ. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಬಂತು. ಸಾಹುಕಾರರೂ ಬಂದರು. ಮೈಕು ಹಚ್ಚಿ ನೋಡಿದರೆ ಗಿರಣಿಯ ಸದ್ದಿಗೆ ನನ್ನ ಮಾತು ನನಗೇ ಕೇಳಿಸಲೊಲ್ಲದು. "ಮಷಿನ್ ಬಂದ್ ಮಾಡ್ರಿ," ಎಂದು ಆಜ್ಞೆ ಮಾಡಿದೆ. ಮೂರು ತಿಂಗಳು ಎರಡು ತಾಸು ಕೊಡದಿದ್ದವನು ಅವರನ್ನು ಹೊಗಳುವುದಕ್ಕಾಗಿ ಇಡೀ ಗಿರಣಿ ನಿಲ್ಲಿಸಿದ್ದೆ. ಇದು ನನಗೆ ಹೊಳೆಯಲಿಲ್ಲ. ಹೊಳೆದದ್ದು ಮೌಲಾಸಾಬರಿಗೆ.

ಪೇಟ ತೊಡಿಸುವಾಗಲೂ ಅವರ ಕಣ್ಣು ಅಂಗಳದ ಅಂಚಿನಲ್ಲಿ ನಿಂತಿದ್ದ ಎಲಿವೇಟರಿನ ತುದಿಯ ಮೇಲೇ ಇತ್ತು. ನಂತರ ನನ್ನ ಭಾಷಣ. ಗಿರಣಿ ಒಂದು ದೇಹ, ಮಿಸ್ತ್ರಿ ಅದರ ವೈದ್ಯ ಎಂದು ನಾಲ್ಕು ಹಾಳೆ ಬರೆದುಕೊಂಡಿದ್ದೆ. ಎರಡನೆಯ ಹಾಳೆಯ ಹೊತ್ತಿಗೆ ಹಮಾಲರೆಲ್ಲ ಬಾಯಿ ಬಿಟ್ಟುಕೊಂಡು ಮೇಲೆ ನೋಡತೊಡಗಿದರು. ನನ್ನ ಮಾತು ಅಷ್ಟು ತಟ್ಟಿತು ಎಂದುಕೊಂಡೆ. "ಇಗೋ, ಇಲ್ಲಿ ಕುಳಿತಿರುವ ಈ ಮಹನೀಯರು" ಎಂದು ಕೈ ತೋರಿಸಿದರೆ, ಕುರ್ಚಿಯಲ್ಲಿ ಶಾಲು ಮತ್ತು ಹಣ್ಣಿನ ಬುಟ್ಟಿ ಮಾತ್ರ ಇದ್ದವು. ಮಹನೀಯರು ಯಾರೂ ಮಷಿನ್ ಶುರು ಮಾಡದಂತೆ ಅದರ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ಪೇಟದ ಸಮೇತ ಎಲಿವೇಟರ್ ಏರಿ ನಟ್ಟು ಬಿಚ್ಚುತ್ತಿದ್ದರು.

ಸಾಹುಕಾರರು ಒಮ್ಮೆ ಮೇಲೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೇರೇನೂ ತೋಚದೆ ಓದುತ್ತಾ ಹೋದೆ. ಆದಷ್ಟು ನಿಧಾನ ಓದಿದರೂ ನಾಲ್ಕನೆಯ ಹಾಳೆ ಮುಗಿಯಿತು. "ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ" ಎಂದೆ.

ಮೇಲಿನಿಂದ ದನಿ ಬಂತು. "ಸಾಹೇಬ್ರ, ಮುಗಸಬ್ಯಾಡ್ರಿ. ಈ ಕಡೀ ಬೇರಿಂಗ್ ಆತು, ಆ ಕಡೀದು ಇನ್ನೂ ಐತಿ. ಒಂದು ಅರ್ಧ ತಾಸು ಮಾತಾಡ್ರಿ."

ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹುಕಾರರೂ ನಗುತ್ತಾ, "ಮಾತಾಡಪಾ ಮ್ಯಾನೇಜರಾ, ಇಷ್ಟು ದಿನಕ್ಕ ಒಂದು ಉಪಯೋಗ ಆದಿ," ಎಂದರು. ನಾನು ಕಾಲುವೆ ನೀರಿನಿಂದ ಹಿಡಿದು ನನ್ನ ಮದುವೆಯವರೆಗೆ ಬಾಯಿಗೆ ಬಂದದ್ದೆಲ್ಲ ಮಾತಾಡಿದೆ. ಕೇಳಿದವರು ಯಾರೂ ಇಲ್ಲ. ಕೆಳಗಿಳಿದ ಮೌಲಾಸಾಬರು ಸೀಳು ಬಿಟ್ಟ ಹಳೆಯ ಬೇರಿಂಗನ್ನು ಸಾಹುಕಾರರ ಕೈಗೆ ಕೊಟ್ಟು, "ಇನ್ನೊಂದು ವಾರ ಹೋಗಿದ್ರ ಎಲಿವೇಟರ್ ಮುರಕೊಂಡು ಬೀಳ್ತಿತ್ರಿ," ಎಂದರು. ಅದನ್ನು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು.

ಮೌಲಾಸಾಬರು ಮಸ್ಕಿಗೆ ಹೋಗಲಿಲ್ಲ. ಈಗ ಪ್ರತಿ ಮಂಗಳವಾರ ಎರಡು ತಾಸು ಗಿರಣಿ ಬಂದ್ ಇರುತ್ತದೆ, ಮಿಸ್ತ್ರಿಯವರ ಹಟದಿಂದ ಅಷ್ಟೂ ಹೊತ್ತು ನನ್ನ ಭಾಷಣವೂ ಇರುತ್ತದೆ. ಹಮಾಲರು ಶಾಮಿಯಾನಾದ ನೆರಳಲ್ಲಿ ಮಲಗಿ ಕೇಳುತ್ತಾರೆ. ಹೋದ ವಾರ ನಾಲಿಗೆ ಒಣಗಿ, "ಮೌಲಾಸಾಬ್ರ, ಸಾಹುಕಾರ್ರೂ ಒಪ್ಯಾರ. ಇನ್ನ ಭಾಷಣ ಬಿಟ್ಟು ಬರೇ ಮಷಿನ್ ಬಂದ್ ಮಾಡಿದ್ರ ನಡೀತೈತಲ್ರೀ?" ಎಂದು ಕೇಳಿದೆ.

ಅವರು ಗ್ರೀಸಿನ ಕೈ ಒರೆಸಿಕೊಳ್ಳುತ್ತಾ ಹೇಳಿದರು: "ನಡೀತೈತ್ರಿ. ಆದ್ರ ನೀವು ಅಲ್ಲಿ ಮೈಕ್ ಮುಂದ ಮಾತಾಡ್ಕೋಂತ ನಿಂತ್ರ, ಇಲ್ಲಿ ಮಷಿನ್ ಕಡೆ ಬಂದು ಲಗೂ ಮುಗಸ್ರಿ ಅನ್ನಾಂಗಿಲ್ಲ ನೋಡ್ರಿ."