ಇಂಗ್ಲಿಷ್ ಮೇಷ್ಟ್ರ ಹಾರಾಟ

ಶಾಲೆಯ ವಾರ್ಷಿಕೋತ್ಸವಕ್ಕೆ ಅಧ್ಯಾಪಕರೇ ಆಡುವ ಇಂಗ್ಲಿಷ್ ನಾಟಕವನ್ನು ಡ್ರಾಯಿಂಗ್ ಮೇಷ್ಟ್ರು ನಿರ್ದೇಶಿಸುತ್ತಾರೆಂದು ಹೆಡ್‌ಮೇಡಂ ಬೆಳಗ್ಗೆ ಹೇಳಿದ್ದೇ ತಡ, ಇಂಗ್ಲಿಷ್ ಮೇಷ್ಟ್ರ ಹೊಟ್ಟೆಗೆ ಬೆಂಕಿ ಬಿತ್ತು. ತಲೆ ನರೆಯುವವರೆಗೆ ಇಂಗ್ಲಿಷ್ ಅರೆದು ಹುಯ್ದವರು ತಾವು. ನಿರ್ದೇಶಕನ ಕುರ್ಚಿ ಮಾತ್ರ ಬಣ್ಣ ಕಲಸುವವನಿಗೆ!

“ಕಿನ್ನರಿ ಕತೆಯಂತೆ. ನಿಮ್ಮನ್ನ ಒಂದು ಮಾತೂ ಕೇಳ್ಲಿಲ್ವಾ ಸಾರ್?” ಎಂದು ಲೆಕ್ಕದ ಟೀಚರ್ ಟೀ ಹೀರುತ್ತಲೇ ಗಾಯಕ್ಕೆ ಉಪ್ಪು ಸವರಿದರು.

“ಅವನಿಗೆ ಫೇರಿಗೂ ಫೆರಿಗೂ ವ್ಯತ್ಯಾಸ ಗೊತ್ತಿದ್ಯಾ ಕೇಳಿ!”

“ನನ್ನ ಹತ್ರ ಹೇಳಿದ್ರೆ ಏನು ಬಂತು? ಮೇಡಂ ಮುಂದೆ ಹೇಳಿ.”

ಮೇಷ್ಟ್ರು ಮಕ್ಕಳಿಗೆ ಓದಿಕೊಳ್ಳಲು ಹೇಳಿ ದಪ್ಪ ನಿಘಂಟಿನಲ್ಲಿ ತಲೆ ಹುದುಗಿಸಿದರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತರು. ಎದುರಿಗೇ ಡ್ರಾಯಿಂಗ್ ಮೇಷ್ಟ್ರು ಶಿಳ್ಳೆ ಹಾಕುತ್ತ ರಟ್ಟಿನ ರೆಕ್ಕೆಗೆ ಬೆಳ್ಳಿಬಣ್ಣ ಬಳಿಯುತ್ತಿದ್ದರು. ಆ ಶಿಳ್ಳೆ ಕೇಳಿಯೇ ಇವರಿಗೆ ಮೈಯೆಲ್ಲ ಉರಿಯಿತು.

ಸಂಜೆ ಎಲ್ಲರೂ ತಾಲೀಮಿಗೆ ಸೇರಿದ್ದಾಗ ನುಗ್ಗಿಯೇಬಿಟ್ಟರು.

“ಮೇಡಂ, ಫೇರಿ ಅಂದ್ರೆ ಕಿನ್ನರಿ, ಎ ಅಕ್ಷರ ಇರೋ ಫೇ ಅಂದ್ರೂ ಕಿನ್ನರೀನೇ. ಇ ಅಕ್ಷರ ಇರೋ ಫೇ ಅಂದ್ರೆ ಸಾವು ಹತ್ರ ಬಂದೋರ ವಿಚಿತ್ರ ಕಳೆ. ಫೆರಿ ಅಂದ್ರೆ ಹೊಳೆ ದಾಟಿಸೋ ದೋಣಿ. ಇಷ್ಟೂ ತಿಳೀದೋರು ನಾಟಕ ಮಾಡಿಸಿದ್ರೆ ಶಾಲೆ ಮಾನ ಏನಾಗ್ಬೇಕು?”

“ನನಗೆ ನಿಜವಾಗ್ಲೂ ತಿಳೀದು. ಸ್ವಲ್ಪ ಬಿಡಿಸಿ ಹೇಳಿ ಸಾರ್,” ಎಂದರು ಡ್ರಾಯಿಂಗ್ ಮೇಷ್ಟ್ರು ವಿನಯವಾಗಿ.

ಅಷ್ಟೇ ಸಾಕಾಯಿತು. ಮೇಷ್ಟ್ರು ಬೆಂಚು ಹತ್ತಿದರು. ಕಣ್ಣು ಮೇಲೆ ಮಾಡಿ ಸಾವಿನ ಕಳೆ ತಂದುಕೊಂಡರು. ಸ್ಕೇಲು ಹಿಡಿದು ದೋಣಿಗೆ ಹುಟ್ಟು ಹಾಕಿದರು. ಕೊನೆಗೆ ರಟ್ಟಿನ ರೆಕ್ಕೆ ಕಂಕುಳಿಗೆ ಸಿಕ್ಕಿಸಿ, ಬೊಜ್ಜು ಕುಣಿಸುತ್ತ ಆ ಬೆಂಚಿನಿಂದ ಈ ಬೆಂಚಿಗೆ ಹಾರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಅಂತೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

“ಇನ್ನು ಯಾರನ್ನೂ ಹುಡುಕಬೇಡಿ. ಇವರೇ ಆಗ್ಲಿ!”

ಮೇಷ್ಟ್ರು ಬೆವರೊರೆಸಿಕೊಳ್ಳುತ್ತ ಡ್ರಾಯಿಂಗ್ ಮೇಷ್ಟ್ರ ಬೆನ್ನು ತಟ್ಟಿದರು. “ಬೇಜಾರು ಮಾಡ್ಕೋಬೇಡಿ. ನಿರ್ದೇಶನ ಅಂದ್ರೆ ಹುಡುಗಾಟ ಅಲ್ಲ.”

“ನಿರ್ದೇಶನ ನಾನೇ ಮಾಡ್ತೀನಿ ಸಾರ್. ಕಿನ್ನರಿ ಪಾತ್ರಕ್ಕೆ ಯಾರೂ ಒಪ್ಪಿರ್ಲಿಲ್ಲ. ನೀವು ಸಿಕ್ಕಿದ್ದು ನಮ್ಮ ಪುಣ್ಯ.”

ಮೇಡಂ ಎದುರು ಮೇಷ್ಟ್ರು ಒಲ್ಲೆನೆನ್ನುವಂತಿರಲಿಲ್ಲ. ಹೋಗಲಿ, ವೇದಿಕೆಯ ಮೇಲೆ ತಮ್ಮ ಇಂಗ್ಲಿಷಿನ ಮುಂದೆ ಯಾರು ನಿಂತಾರು ಎಂದು ಸಮಾಧಾನ ಮಾಡಿಕೊಂಡರು.

“ನನ್ನ ಡೈಲಾಗು ಕೊಡಿ, ಇವತ್ತೇ ಬಾಯಿಪಾಠ ಮಾಡ್ತೀನಿ.”

“ಡೈಲಾಗು ಒಂದೂ ಇಲ್ಲ ಸಾರ್, ನೀವು ಸುಮ್ನೆ ಹಾರ್ತಾ ಇದ್ರೆ ಸಾಕು. ಇಂಗ್ಲಿಷ್ ಮಾತೆಲ್ಲ ರಾಜನಿಗೆ. ಆ ಪಾತ್ರ ನಂದು.”