ಹಕಾರ ಯಾರ ಕಡೆಯದು

ಮಗು ಹುಟ್ಟಿದ ಕೂಡಲೇ ನೆಂಟರು ಅದನ್ನು ಭಾಗ ಮಾಡಿಕೊಂಡುಬಿಡುತ್ತಾರೆ. ಮೂಗು ಇವರದು, ಬಣ್ಣ ಅವರದು, ಕಿವಿ ತೀರಿಹೋದ ಯಾವುದೋ ಮುತ್ತಜ್ಜಿಯದು. ನನ್ನ ಮಗಳ ವಿಷಯದಲ್ಲೂ ಹಾಗೇ ಆಗಿ, ನನ್ನ ತವರಿನ ಪಾಲಿಗೆ ಕಿರುಬೆರಳಿನ ಸೊಟ್ಟವೊಂದೇ ಉಳಿಯಿತು. ಹೋಗಲಿ, ಹೆಸರಾದರೂ ನನ್ನ ಇಷ್ಟದ್ದಿರಲಿ ಎಂದು ಹಟ ಹಿಡಿದು ಹರ್ಷಿತಾ ಎಂದಿಟ್ಟೆ. ಇಟ್ಟ ಮೇಲೆ ಗೊತ್ತಾಯಿತು, ಈ ಮನೆಯಲ್ಲಿ ಆ ಹೆಸರಿನ ಮೊದಲಕ್ಷರ ಯಾರ ಬಾಯಿಂದಲೂ ಹೊರಡುವುದಿಲ್ಲ.

ನಮ್ಮತ್ತೆ ಚಾಮರಾಜನಗರದ ಕಡೆಯ ಉಮ್ಮತ್ತೂರಿನವರು. ಅವರಿಗೆ ಹಾಲು ಆಲು, ಹೂವು ಊವು, ಹರ್ಷಿತಾ ಅರ್ಸಿತ. ಅರಿಶಿನಕ್ಕೆ ಸಂಬಂಧಪಟ್ಟ ಹೆಸರೆಂದೇ ಬಹಳ ಕಾಲ ನಂಬಿ ಸಂತೋಷಪಟ್ಟಿದ್ದರು. ಯಜಮಾನರಿಗೆ ಗುಂಡ್ಲುಪೇಟೆಯಲ್ಲೇ ಬ್ಯಾಂಕಿನ ಕೆಲಸ. ಮೇಲಧಿಕಾರಿಯ ಫೋನು ಬಂದರೆ ಅವರ ಮಾತಿಗೆ ಹಕಾರ ಬರುತ್ತದೆ, ಬನಿಯನ್ನಿನ ಮೇಲೆ ಷರಟು ಏರಿದ ಹಾಗೆ. ಫೋನಿಟ್ಟ ತಕ್ಷಣ, ‘ಲೇ, ಆಲು ಕಾಸಿದ್ಯಾ?’ ಮಗಳಿಗೆ ಆಗತಾನೇ ಮಾತು ಬಂದಿದ್ದಾಗ ಕಿಟಕಿಯ ಗುಬ್ಬಚ್ಚಿ ತೋರಿಸಿ ‘ಅಮ್ಮ, ಅಕ್ಕಿ’ ಎಂದಳು. ನಾನು ಡಬ್ಬದಿಂದ ಒಂದು ಹಿಡಿ ಅಕ್ಕಿ ತಂದುಕೊಟ್ಟೆ. ಅವಳು ಅತ್ತಳು.

‘ಬುಡೇ ಅತ್ಲಾಗೆ, ಅದು ನಮ್ಮ ರಕ್ತದಲ್ಲೇ ಅದ’ ಎನ್ನುವುದು ಯಜಮಾನರ ಸಿದ್ಧಾಂತ. ನಾಲಿಗೆ ಬೇಕಾದರೆ ರಕ್ತದಿಂದ ಬರಲಿ, ಮಾತು ಬರುವುದು ಕಿವಿಯಿಂದ ಎನ್ನುವುದು ನನ್ನದು. ಈ ಜಗಳ ಒಗ್ಗರಣೆಯ ಸಾಸಿವೆಯಂತೆ ದಿನಾ ಚಟಪಟ ಎಂದು ಆರಿಹೋಗುತ್ತಿತ್ತು. ಆದರೆ ಈ ವರ್ಷ ಹರ್ಷಿತಾಳನ್ನು ಶಾಲೆಯಿಂದ ಚಾಮರಾಜನಗರದ ಭಾಷಣ ಸ್ಪರ್ಧೆಗೆ ಆರಿಸಿದರು. ಗೆದ್ದವರಿಗೆ ಮುಂದಿನ ಸುತ್ತು ಮೈಸೂರಿನಲ್ಲಿ, ಅದೂ ನಾನು ಓದಿದ ಕಾನ್ವೆಂಟಿನ ಸಭಾಂಗಣದಲ್ಲಿ. ಮುಂದಿನ ಸಾಲಿನಲ್ಲಿ ಯಾವ ಸೀರೆ ಉಟ್ಟು ಕೂರುವುದೆಂದು ನಾನಾಗಲೇ ಬೀರು ತೆರೆದು ನೋಡಿಯಾಗಿತ್ತು. ಭಾಷಣದ ವಿಷಯ ಕೇಳಿ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು: ‘ಅನುವಂಶೀಯತೆ ಮತ್ತು ಪರಿಸರ’.

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ತುಟಿಯ ಮುಂದೆ ಕಾಗದದ ಚೂರು ಹಿಡಿಸುತ್ತಿದ್ದರು. ಹ ಎಂದಾಗ ಅದು ಅಲುಗಬೇಕು. ಅದನ್ನೇ ಮಗಳಿಗೂ ಶುರುಮಾಡಿದೆ. ಬೆಳಿಗ್ಗೆ ಬಿಸಿನೀರು ಕಾಯುವುದರೊಳಗೆ ಹಾಲು, ಹಸು, ಹುಣಸೆಹಣ್ಣು. ಅತ್ತೆ ಹುರುಳಿಕಾಯಿ ಸೋಸುತ್ತಾ ನೋಡಿ ನೋಡಿ, ‘ಯಾಕವ್ವ, ಮಗ ಒಲೆ ಊದ್ದಂಗ ಊದ್ತಾ ಅವಳಲ್ಲ, ಏನಾರ ಕಾಯ್ಲಾನ?’ ಎಂದರು. ‘ಭಾಷಣಕ್ಕೆ ಅತ್ತೆ’ ಎಂದೆ. ‘ನಿಮ್ಮಮ್ಮಂಗ ಉಸ್ರು ಬೇಕಂತ ಕಣಮ್ಮಿ, ಊದು ಊದು’ ಎಂದು ಮೊಮ್ಮಗಳನ್ನು ಹುರಿದುಂಬಿಸಿದರು. ಕೊನೆಗೂ ಕಾಗದ ಅಲುಗಿತು. ಆ ದಿನ ನಾನು ಪಾಯಸ ಮಾಡಿದೆ.

ಹಕಾರ ಬಂದದ್ದೇನೋ ನಿಜ. ಆದರೆ ಅದು ಬೇಕಾದಲ್ಲಿಗೆ ಮಾತ್ರ ಬಂದು ನಿಲ್ಲುವ ಅಕ್ಷರವಲ್ಲವೆಂದು ನನಗೆ ಯಾರೂ ಹೇಳಿರಲಿಲ್ಲ. ವೇದಿಕೆ ಹತ್ತಿದ ಮಗಳು ಎದೆಯುಬ್ಬಿಸಿ, ‘ಮಾನ್ಯ ಹಧ್ಯಕ್ಷರೇ’ ಎಂದಳು. ಮೈಮೇಲೆ ಬಿಸಿನೀರು ಬಿದ್ದಂತಾಯಿತು. ‘ಹನುವಂಶೀಯತೆ ಎಂದರೆ ತಂದೆತಾಯಿಗಳಿಂದ ಬರುವ ಹಂಶಗಳು.’ ವಿಷಯವೇ ಅದಾದ್ದರಿಂದ ವಾಕ್ಯಕ್ಕೊಂದು ಹನುವಂಶೀಯತೆ ಬಂತು. ಮುಂದಿನ ಸಾಲಿನ ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಅವಳು ಮಾತ್ರ ಒಂದು ಹ ಕೂಡ ಬಿಡಲಿಲ್ಲ. ತೀರ್ಪುಗಾರರಲ್ಲೊಬ್ಬರು ಕನಿಕರದಿಂದ ಕೇಳಿದರು: ‘ಮನೇಲಿ ಎಲ್ಲರೂ ಹೀಗೇ ಮಾತಾಡ್ತಾರಾ ಮಗೂ?’ ‘ಇಲ್ಲ ಸರ್, ನಮ್ಮಮ್ಮ ಒಬ್ರೇ’ ಎಂದಳು.

ಮೊದಲ ಬಹುಮಾನ ಸಂತೆಮರಹಳ್ಳಿಯ ಹುಡುಗಿಗೆ ಹೋಯಿತು. ‘ನಮ್ಮ ಅಳ್ಳಿಯಲ್ಲಿ’ ಎಂದು ಶುರುಮಾಡಿ ಒಂದೂ ಹಕಾರವಿಲ್ಲದೆ ಸಲೀಸಾಗಿ ಮುಗಿಸಿದವಳು ಅವಳು. ಫೋನಿನಲ್ಲಿ ಸುದ್ದಿ ಕೇಳಿದ ಯಜಮಾನರು, ‘ನಮ್ಮ ಕಡೆ ಇರೋ ಅಕ್ಷರ ಬುಟ್ಬುಡ್ತೀವಿ. ಇಲ್ದೇ ಇರೋ ಕಡೆ ಎಲ್ಲಾ ಅದನ್ನ ತಂದು ಸುರಿಯೋರು ನಮ್ಮಲ್ಲಿ ಯಾರೂ ಇಲ್ಲ ಕಣೇ’ ಎಂದರು. ಅಂದರೆ ಅವರ ಪ್ರಕಾರ ಪರಿಸರ ಎನ್ನುವುದು ನಾನೇ.

ಊರಿಗೆ ವಾಪಸಾಗುವ ಬಸ್ಸು ತೆರಕಣಾಂಬಿ ದಾಟುವವರೆಗೂ ಮಗಳು ತೊಡೆಯ ಮೇಲಿನ ಸಮಾಧಾನಕರ ಬಹುಮಾನದ ಪ್ರಮಾಣಪತ್ರವನ್ನು ಕೊಳವೆಯಂತೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ಆಮೇಲೆ ನನ್ನ ಮುಖ ನೋಡದೆ ಕೇಳಿದಳು: ‘ಅಮ್ಮ, ಮೈಸೂರಿಗೆ ಹೋಗಬೇಕು ಅನ್ನೋ ಹಾಸೆ ನನಗಿತ್ತಾ, ನಿನಗಿತ್ತಾ?’

‘ಹಾಸೆ ಅಲ್ಲ, ಆಸೆ’ ಎಂದೆ.

ಈ ತಿದ್ದುವ ಚಟ ನನಗೆ ರಕ್ತದಿಂದ ಬಂತೋ ಸಿಸ್ಟರಿಂದ ಬಂತೋ ಕಾಣೆ. ಎಲ್ಲಿಂದಲಾದರೂ ಬಂದಿರಲಿ, ಉತ್ತರ ಹೇಳದೆ ತಪ್ಪಿಸಿಕೊಳ್ಳುವುದಕ್ಕೆ ಅದರಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ.