ಇಪ್ಪತ್ತಾರು ದಿನ ಹಿಂದಿದ್ದ ಭಾವ

ನಮ್ಮ ಭಾವನವರು ಇಡೀ ಜಗತ್ತಿಗಿಂತ ಇಪ್ಪತ್ತಾರು ದಿನ ಹಿಂದೆ ಬದುಕುತ್ತಿದ್ದರು. ಬುದ್ಧಿಯಲ್ಲಿ ಹಿಂದೆ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಗಮನಿಸಿ! ಅವರು ನನ್ನ ಗಂಡನ ಅಣ್ಣ. ದೋಹಾದ ಒಂದು ಕಟ್ಟಡ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಹಬ್ಬ, ಹುಣ್ಣಿಮೆ, ಆಫೀಸಿನ ಬಸ್ಸು, ಎಲ್ಲದಕ್ಕೂ ಗಡಿಯಾರ ನೋಡಿಕೊಂಡು ನಡೆಯುವವರು. ಬೇಸ್‌ಬಾಲ್ ಎಂಬ ಒಂದೇ ವಿಷಯದಲ್ಲಿ ಮಾತ್ರ ಇಪ್ಪತ್ತಾರು ದಿನ ಹಿಂದೆ. ಏಕೆಂದರೆ ಅಮೆರಿಕದಲ್ಲಿ ಆಡಿ ಮುಗಿಸಿದ ಆಟದ ವಿಡಿಯೊ ಕ್ಯಾಸೆಟ್ಟು ಟಪಾಲಿನಲ್ಲಿ ಬಂದು ನಜ್ಮಾ ಬಡಾವಣೆಯ ನಮ್ಮ ಮನೆ ಸೇರಲು ಹೆಚ್ಚುಕಡಿಮೆ ಅಷ್ಟು ದಿನ ಬೇಕಿತ್ತು. ಅಲ್ಲಿಯ ತನಕ ಆ ಆಟ ನಡೆದೇ ಇಲ್ಲ ಎಂಬುದು ಅವರ ವಾದ.

"ಆಗಿಹೋದ ಆಟಕ್ಕೆ ಹೀಗೆ ದೇವರ ಮುಂದೆ ದೀಪ ಹಚ್ಚಿದ್ರೆ ಏನು ಬಂತು ಭಾವ?" ಎಂದು ನಾನೊಮ್ಮೆ ಕೇಳಿದೆ.

"ಯಾರಿಗೆ ಆಗಿಹೋಗಿದೆ? ನನಗಿನ್ನೂ ಆಗಿಲ್ವಲ್ಲಮ್ಮ!" ಎಂದರು.

ಅಷ್ಟು ಹೇಳಿ ದೀಪಕ್ಕೆ ಇನ್ನಷ್ಟು ಎಣ್ಣೆ ಹೊಯ್ದರು.

ನಾನು ಮದುವೆಯಾಗಿ ಮೈಸೂರಿನಿಂದ ದೋಹಾಕ್ಕೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಕೆಳಗೆ ದರ್ಜಿ ಅಂಗಡಿ, ಪಕ್ಕದಲ್ಲಿ ಕೆಫೆಟೇರಿಯಾ, ಮೇಲೆ ಒಂದೇ ಫ್ಲ್ಯಾಟಿನಲ್ಲಿ ಭಾವ, ನನ್ನ ವಾರಗಿತ್ತಿ ಅಕ್ಕ, ಅವರ ಇಬ್ಬರು ಮಕ್ಕಳು, ಮತ್ತು ನಾವಿಬ್ಬರು. ಭಾವನವರಿಗೆ ಈ ರೋಗ ಅಂಟಿಸಿದ್ದು ಅವರ ಆಫೀಸಿನಲ್ಲಿದ್ದ ಒಬ್ಬ ಅಮೆರಿಕನ್ ಇಂಜಿನಿಯರ್. ಎರಡು ವರ್ಷ ಪ್ರತಿ ಶುಕ್ರವಾರ ಇಬ್ಬರೂ ಕೂತು ಕ್ಯಾಸೆಟ್ ನೋಡಿದರಂತೆ. ನಾನು ಬರುವ ಮೊದಲೇ ಆತನ ಕಾಂಟ್ರಾಕ್ಟ್ ಮುಗಿದು ಊರಿಗೆ ಹೋಗಿದ್ದ. ಹೋಗುವಾಗ ಒಂದು ಕೆಂಪು ಟೋಪಿ ಕೊಟ್ಟು, ಕ್ಯಾಸೆಟ್ ಕಳಿಸುತ್ತಿರುತ್ತೇನೆ ಎಂದು ಮಾತೂ ಕೊಟ್ಟ. ಆ ಪುಣ್ಯಾತ್ಮ ಮಾತು ಉಳಿಸಿಕೊಂಡ, ನಾವು ಅನುಭವಿಸಿದೆವು!

ಟೋಪಿಯ ಜೊತೆಗೆ ಒಂದು ಜನ್ಮದ ದ್ವೇಷವೂ ಬಳುವಳಿಯಾಗಿ ಬಂದಿತ್ತು. ಕೆಂಪು ಟೋಪಿಯವರಿಗೂ ನೀಲಿ ಟೋಪಿಯವರಿಗೂ ತಾತ ಮುತ್ತಾತಂದಿರ ಕಾಲದಿಂದ ಹಾವು ಮುಂಗುಸಿ ಸಂಬಂಧವಂತೆ. ಎರಡು ತಂಡಗಳಿಗೂ ಉದ್ದುದ್ದ ಹೆಸರುಗಳಿದ್ದವು. ನಮಗೆ ಅವು ಕೆಂಪು, ನೀಲಿ, ಅಷ್ಟೇ. ನಾನು ಆ ಮನೆಗೆ ಮೊದಲ ಸಲ ಕಾಲಿಟ್ಟಾಗ ಉಟ್ಟಿದ್ದದ್ದು ನವಿಲು ನೀಲಿಯ ರೇಷ್ಮೆ ಸೀರೆ. ಆರತಿ ಹಿಡಿದ ಅಕ್ಕ ನಗುತ್ತಿದ್ದರೆ, ಹಿಂದೆ ನಿಂತ ಭಾವನವರ ಮುಖ ಹುಳ್ಳಗಾಗಿತ್ತು. ವರದಕ್ಷಿಣೆ ಸಾಲದೆಂದು ಸಿಟ್ಟೇನೋ ಎಂದು ನಾನು ನಡುಗಿಹೋದೆ! ಆಮೇಲೆ ಗೊತ್ತಾಯಿತು, ಆ ಮನೆಯಲ್ಲಿ ನೀಲಿ ಬಕೆಟ್ಟಿಗೂ ಪ್ರವೇಶವಿರಲಿಲ್ಲ ಎಂದು.

ಭಾವನವರಿಗೆ ಬೇಕಿದ್ದದ್ದು ಎರಡೇ. ಒಂದು, ವರ್ಷದ ಕೊನೆಯ ಸರಣಿಯಲ್ಲಿ ಕೆಂಪು ಟೋಪಿ ಒಮ್ಮೆಯಾದರೂ ನೀಲಿ ಟೋಪಿಯನ್ನು ಸೋಲಿಸಬೇಕು. ಇನ್ನೊಂದು, ಪಕ್ಕದಲ್ಲಿ ಕೂತು ನೋಡಲು ಒಬ್ಬ ಮನುಷ್ಯ ಬೇಕು. ಮೊದಲನೆಯದು ನಮ್ಮ ಕೈಲಿರಲಿಲ್ಲ. ಎರಡನೆಯದು ಇತ್ತು, ಆದರೆ ನಾವು ಕೊಡಲಿಲ್ಲ. ಅವರು ಪ್ರಯತ್ನ ಮಾಡದೆ ಬಿಟ್ಟವರೇನಲ್ಲ. ನಮ್ಮವರನ್ನು ಒಂದು ಶುಕ್ರವಾರ ಹಿಡಿದು ಕೂರಿಸಿದರು. ಒಂಬತ್ತು ಇನಿಂಗ್ಸ್‌ನ ಆಟ, ಎರಡನೆಯದಕ್ಕೇ ಗೊರಕೆ ಶುರುವಾಯಿತು. ನಾನು ಕೂತಾಗ, "ಸ್ಟಂಪ್ ಎಲ್ಲಿ ಭಾವ?" ಎಂದು ಕೇಳಿಬಿಟ್ಟೆ. ಮುಂದಿನ ವಾರದಿಂದ ನನ್ನನ್ನು ಕರೆಯಲಿಲ್ಲ. ಅಕ್ಕನಂತೂ, "ಸೊಪ್ಪು ಬಿಡಿಸ್ತಾ ನೋಡ್ತೀನ್ರೀ" ಎಂದು ಕೂತು, ಸೊಪ್ಪು ಮುಗಿದ ಕೂಡಲೇ ಎದ್ದುಬಿಡುತ್ತಿದ್ದರು. ಶಾರ್ಜಾದಲ್ಲಿ ಇಂಡಿಯಾ ಪಾಕಿಸ್ತಾನ ಕ್ರಿಕೆಟ್ ನಡೆಯುವ ದಿನ ನಮ್ಮ ಕಟ್ಟಡವೇ ಎದುರುಮನೆಯ ದೊಡ್ಡ ಟೀವಿಯ ಮುಂದೆ ಇರುತ್ತಿತ್ತು. ಭಾವನವರು ಮಾತ್ರ ಕೆಂಪು ಟೋಪಿ ಹಾಕಿಕೊಂಡು, ಹಾಲಿನಲ್ಲಿ ಒಬ್ಬರೇ ಕೂತು, ತಿಂಗಳ ಹಿಂದಿನ ಆಟಕ್ಕೆ "ಓಡೋ! ಓಡೋ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು.

ಫಲಿತಾಂಶ ಕಿವಿಗೆ ಬೀಳದಂತೆ ಅವರನ್ನು ಕಾಯುವುದು ನಮ್ಮ ಮನೆಯ ದೊಡ್ಡ ಉದ್ಯೋಗ. ಇಂಗ್ಲಿಷ್ ಪತ್ರಿಕೆಯಲ್ಲಿ ಎಲ್ಲೋ ಮೂಲೆಯಲ್ಲಿ ಸ್ಕೋರು ಹಾಕುತ್ತಿದ್ದರು. ಅಕ್ಕ ಬೆಳಗ್ಗೆ ಎದ್ದು, ಹಾಲು ಕಾಯಿಸುವ ಮೊದಲು ಕತ್ತರಿ ಹಿಡಿದು ಆ ಮೂಲೆಯನ್ನು ಕತ್ತರಿಸುತ್ತಿದ್ದರು. ಅದರ ಬೆನ್ನಿಗೆ ಏನಿತ್ತೋ ಅದೂ ಹೋಗುತ್ತಿತ್ತು. ಒಮ್ಮೆ ನಾನು ಪತ್ರಿಕೆ ನೋಡಿ ಕೇಕ್ ಮಾಡಲು ಹೊರಟರೆ, ಬೆಣ್ಣೆ ಸಕ್ಕರೆ ಕಲಸಿದ ಮೇಲೆ ನೇರವಾಗಿ ಓವನ್ನು! ಹಿಟ್ಟೆಲ್ಲ ಬೇಸ್‌ಬಾಲ್ ಪಾಲಾಗಿತ್ತು. ಇನ್ನು ಆಫೀಸಿನ ಲಿಫ್ಟಿನಲ್ಲಿ ಹೊಸ ಅಮೆರಿಕನ್ ಒಬ್ಬ ಸಿಗುತ್ತಿದ್ದ. ಅವನು ಬಾಯಿ ತೆರೆಯುವ ಮೊದಲೇ ಭಾವ ಎರಡು ಕಿವಿಗೂ ಬೆರಳಿಟ್ಟು ಜೋರಾಗಿ ದೇವರನಾಮ ಶುರುಮಾಡುತ್ತಿದ್ದರು. ಇದು ಹಿಂದೂಗಳ ಬೆಳಗಿನ ಪ್ರಾರ್ಥನೆ ಎಂದು ತಿಳಿದು, ಪಾಪ, ಅವನು ಐದು ಮಹಡಿಯೂ ತಲೆ ಬಗ್ಗಿಸಿ ನಿಲ್ಲುತ್ತಿದ್ದನಂತೆ.

ಇಷ್ಟೆಲ್ಲ ಕೋಟೆ ಕಟ್ಟಿದರೂ ಒಂದು ಬಾಗಿಲು ತೆರೆದೇ ಇತ್ತು. ಆಗೆಲ್ಲ ಹೊರದೇಶದಿಂದ ಬಂದ ಯಾವ ಕ್ಯಾಸೆಟ್ಟೂ ನೇರ ಮನೆಗೆ ಬರುತ್ತಿರಲಿಲ್ಲ. ಒಂದು ಕಚೇರಿಯಲ್ಲಿ ಅಧಿಕಾರಿಯೊಬ್ಬರು ಅದನ್ನು ಹಾಕಿ ನೋಡಿ, ಕೆಟ್ಟದ್ದೇನೂ ಇಲ್ಲವೆಂದು ಮೊಹರು ಒತ್ತಿದ ಮೇಲೆ ನಾವು ಹೋಗಿ ತರಬೇಕಿತ್ತು. ನನ್ನ ಮದುವೆಯ ಕ್ಯಾಸೆಟ್ಟಿನ ಊಟದ ಪಂಕ್ತಿಯನ್ನು ನನಗಿಂತ ಮೊದಲು ನೋಡಿದವರು ಅವರೇ! ಆ ಅಧಿಕಾರಿ ಕತಾರಿನವರು, ಐವತ್ತರ ಆಸುಪಾಸು, ಎಲ್ಲರೂ ಅಬು ನಾಸಿರ್ ಎನ್ನುತ್ತಿದ್ದರು. ಅವರ ಮಾತು ಅರಬ್ಬಿ, ಹಿಂದಿ, ಇಂಗ್ಲಿಷು ಮೂರೂ ಸೇರಿದ ಚಿತ್ರಾನ್ನ. ಗೆಳೆಯ ಎನ್ನಲು ಅವರು ಬಳಸುತ್ತಿದ್ದ 'ಸದೀಕ್' ಒಂದನ್ನು ಬಿಟ್ಟು, ನಾನು ಅದನ್ನು ಕನ್ನಡದಲ್ಲೇ ಬಡಿಸುತ್ತೇನೆ.

ಮೊದಲ ಬೇಸ್‌ಬಾಲ್ ಕ್ಯಾಸೆಟ್ ನೋಡಿದ ಅಬು ನಾಸಿರ್ ಭಾವನವರನ್ನು ಕರೆಸಿ ಕೂರಿಸಿಕೊಂಡರಂತೆ.

"ಸದೀಕ್, ಬ್ಯಾಟಿನವನ ಹಿಂದೆ ಕುಕ್ಕರಗಾಲಲ್ಲಿ ಕೂತಿರೋ ಮನುಷ್ಯ ಕಾಲ ಸಂದಿಯಲ್ಲಿ ಬೆರಳಾಡಿಸ್ತಾನೆ. ಅಂಚಿನಲ್ಲಿ ನಿಂತ ಆ ಮುದುಕ ಮೂಗು ಮುಟ್ಟಿ, ಕಿವಿ ಮುಟ್ಟಿ, ಎದೆ ಮುಟ್ಟಿಕೊಳ್ತಾನೆ. ಇದೆಲ್ಲ ಏನು ಗುಟ್ಟು?"

"ಅದು ಯಾವ ತರ ಚೆಂಡು ಎಸೀಬೇಕು ಅಂತ ಸನ್ನೆ ಸಾರ್."

"ಬಾಯಲ್ಲಿ ಹೇಳಬಾರದೇ?"

"ಹೇಳಿದ್ರೆ ನೀಲಿಯವರು ಕೇಳಿಸ್ಕೋತಾರಲ್ಲ!"

ಅನುಮಾನ ತೀರಲಿಲ್ಲ. ಇಬ್ಬರೂ ಕೂತು ಕ್ಯಾಸೆಟ್ಟನ್ನು ಮೊದಲಿಂದ ಹಾಕಿದರು. ಭಾವ ಪ್ರತಿ ಚೆಂಡಿಗೂ ವ್ಯಾಖ್ಯಾನ ಕೊಟ್ಟರು. ಮೂರು ಗಂಟೆ ಮುಗಿಯುವ ಹೊತ್ತಿಗೆ ಅಬು ನಾಸಿರ್ ಕುರ್ಚಿಯ ತುದಿಗೆ ಬಂದಿದ್ದರು. ಅಂತೂ ಒಬ್ಬ ಶಿಷ್ಯ ಸಿಕ್ಕ ಎಂದು ಭಾವ ಹಿಗ್ಗಿ ಹೀರೇಕಾಯಿಯಾಗಿದ್ದಾಗ ಅವರು ಮೊಹರು ಒತ್ತುತ್ತಾ ಹೇಳಿದರಂತೆ: "ಒಳ್ಳೆ ಆಟ ಸದೀಕ್! ಇವತ್ತಿನಿಂದ ನಾನು ನೀಲಿ."

ಆ ದಿನ ಗೆದ್ದದ್ದು ನೀಲಿ ಟೋಪಿ. ಗೆದ್ದವರ ಕಡೆ ಇರದೆ ಸೋತವರ ಕಡೆ ಯಾರಾದರೂ ಹೋಗುತ್ತಾರೆಯೇ? ಭಾವನವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಕಲಿಸಿದವನು ನಾನು! ನಾನೇ ಕೈಯಾರೆ ಕಲಿಸಿದೆ!" ಎಂದು ಗೋಡೆಗೆ ಹೇಳಿಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ ಯುದ್ಧ. ಫಲಿತಾಂಶ ಅಬು ನಾಸಿರ್‌ಗೆ ಮೊದಲೇ ಗೊತ್ತಿರುತ್ತಿತ್ತು, ಮತ್ತು ಆ ಮನುಷ್ಯನಿಗೆ ಮುಖದಲ್ಲಿ ಏನನ್ನೂ ಬಚ್ಚಿಡಲು ಬರುತ್ತಿರಲಿಲ್ಲ. ಕಚೇರಿಯ ಬಾಗಿಲಿನಲ್ಲೇ ಹಲ್ಲು ಕಂಡರೆ ಕೆಂಪು ಸೋತಿತೆಂದೇ ಅರ್ಥ. ಭಾವ ತಲೆ ತಗ್ಗಿಸಿಕೊಂಡು ಹೋಗಿ ನೋಡಿದರು, ಕಪ್ಪು ಕನ್ನಡಕ ಹಾಕಿಕೊಂಡು ಹೋಗಿ ಬಾಗಿಲಿಗೆ ಹಣೆ ಜಜ್ಜಿಕೊಂಡರು. ಕೊನೆಗೆ ನಮ್ಮವರನ್ನು ಕಳಿಸಿದರು. ಆಗ ಅಬು ನಾಸಿರ್ ಕ್ಯಾಸೆಟ್ಟಿನ ಜೊತೆಗೆ ಒಂದು ಡಬ್ಬಿ ಹಲ್ವಾ ಕೊಟ್ಟು ಕಳಿಸಿದರು. ತುಪ್ಪ ಒಸರುವ, ಬಾದಾಮಿ ಹಾಕಿದ ಹಲ್ವಾ! ನೀಲಿ ಗೆದ್ದಾಗ ಮಾತ್ರ ಡಬ್ಬಿ.

"ವಾಪಸ್ ಕೊಟ್ಬಾ!" ಎಂದು ಭಾವ ಗುಡುಗಿದರು.

"ನಿಮ್ಮ ಕೆಂಪು ಟೋಪಿ ಇಷ್ಟು ವರ್ಷದಲ್ಲಿ ಒಂದು ಚೂರು ಕಲ್ಲುಸಕ್ಕರೆ ಆದ್ರೂ ಕೊಟ್ಟಿದೆಯೇನ್ರೀ?" ಎಂದು ಅಕ್ಕ ಡಬ್ಬಿಯನ್ನು ಎದೆಗವಚಿಕೊಂಡರು. ಅಂದಿನಿಂದ ಮಕ್ಕಳು ದೇವರ ಮುಂದೆ ಕೈಮುಗಿದು ಏನು ಬೇಡಿಕೊಳ್ಳುತ್ತಿದ್ದವು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ನಿಜ ಹೇಳಿದರೆ, ನಾನೂ ಅವರ ಜೊತೆಗೇ ನಿಂತಿರುತ್ತಿದ್ದೆ.

ಹೀಗಿರುವಾಗ ಒಂದು ವರ್ಷ, ಚಳಿ ಶುರುವಾಗುವ ಹೊತ್ತಿಗೆ, ಕೆಂಪು ನೀಲಿ ಎರಡೂ ಕೊನೆಯ ಸರಣಿಯಲ್ಲಿ ಎದುರಾದವು. ಆರು ಆಟದ ಕ್ಯಾಸೆಟ್ ಬಂತು, ಮೂರು ಮೂರು ಸಮ. ಏಳನೆಯದು ನಿರ್ಣಾಯಕ. ಇಪ್ಪತ್ತಾರು ದಿನ ಕಳೆಯಿತು, ಮೂವತ್ತಾಯಿತು, ಕಚೇರಿಯಿಂದ ಸುದ್ದಿಯಿಲ್ಲ. ಭಾವನವರು ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ನಡೆದರು. "ಈ ಸಲವೂ ಸೋತ್ರೆ ನಾನು ಬಿಟ್ಬಿಡ್ತೀನಿ ಕಣಮ್ಮಾ. ಒಬ್ಬನೇ ಎಷ್ಟು ದಿನ ಅಂತ ಹೊರಲಿ?" ಎಂದರು. ಆ ದನಿ ಕೇಳಿ ನನಗೆ ನಗು ಬರಲಿಲ್ಲ. ಹಲ್ವಾಕ್ಕೆ ಬೇಡಿಕೊಂಡದ್ದಕ್ಕೆ ಮೊದಲ ಸಲ ನಾಚಿಕೆಯಾಯಿತು.

ಶುಕ್ರವಾರ ಮಧ್ಯಾಹ್ನ, ನಮಾಜು ಮುಗಿದು ಬೀದಿಯಲ್ಲಿ ಜನ ಚದುರುವ ಹೊತ್ತು, ಕರೆಗಂಟೆ ಸದ್ದಾಯಿತು. ಬಾಗಿಲು ತೆಗೆದರೆ ಬಿಳಿ ಉಡುಪಿನ ಅಬು ನಾಸಿರ್! ಕೈಯಲ್ಲಿ ಪಾರ್ಸೆಲ್ಲು. ಭಾವ ಎರಡು ಕೈಯಿಂದ ಕಣ್ಣು ಮುಚ್ಚಿಕೊಂಡು, "ಮುಖ ತೋರಿಸ್ಬೇಡಿ! ಮುಖ ತೋರಿಸ್ಬೇಡಿ!" ಎಂದು ಕೂಗಿದರು.

"ಕಣ್ಣು ಬಿಡು ಸದೀಕ್. ನಾನೂ ನೋಡಿಲ್ಲ."

ಭಾವ ಬೆರಳ ಸಂದಿಯಿಂದ ನೋಡಿದರು. ಪಾರ್ಸೆಲ್ಲಿನ ದಾರವೂ ಬಿಚ್ಚಿರಲಿಲ್ಲ.

"ನಾಲ್ಕು ದಿನ ಮೇಜಿನ ಮೇಲೆ ಇಟ್ಟುಕೊಂಡು ಕೂತೆ," ಎಂದರು ಅಬು ನಾಸಿರ್. "ಹಾಕೋಣ ಅಂದರೆ ಕೈ ಬರಲಿಲ್ಲ. ಆಫೀಸಿನಲ್ಲಿ ನನ್ನ ಜೊತೆ ಜಗಳ ಆಡೋಕೆ ಯಾರೂ ಇಲ್ಲ. ಪರೀಕ್ಷೆ ಇಲ್ಲೇ ಮಾಡ್ತೀನಿ. ಯಲ್ಲಾ!" ಎನ್ನುತ್ತಾ ಜೇಬಿನಿಂದ ಸರ್ಕಾರಿ ಮೊಹರು ತೆಗೆದು ಟೀಪಾಯಿಯ ಮೇಲಿಟ್ಟರು.

ಅಕ್ಕನೂ ನಾನೂ ಅಡುಗೆಮನೆಯ ಪರದೆಯ ಹಿಂದೆ ನಿಂತು ನೋಡಿದೆವು. ಆ ದಿನ ನಾವು ಆಟ ನೋಡಿದೆವು ಎಂದರೆ ಸುಳ್ಳಾಗುತ್ತದೆ, ಅವರಿಬ್ಬರನ್ನು ನೋಡಿದೆವು. ಒಬ್ಬರು ಏಳುವಾಗ ಇನ್ನೊಬ್ಬರು ಕೂರುತ್ತಿದ್ದರು. ಒಬ್ಬರು "ಅಯ್ಯೋ ದೇವರೇ" ಎಂದರೆ ಇನ್ನೊಬ್ಬರು "ಅಲ್‌ಹಮ್ದುಲಿಲ್ಲಾ" ಎನ್ನುತ್ತಿದ್ದರು. ಚಹಾ ಆರಿತು, ಚಕ್ಕುಲಿ ಮುಟ್ಟಲಿಲ್ಲ. ಒಂದು ಸಲ ಅಂಪೈರ್ ಕೊಟ್ಟ ತೀರ್ಪಿಗೆ ಎಷ್ಟು ಜೋರು ಜಗಳವಾಯಿತೆಂದರೆ, ಕೆಳಗಿನ ದರ್ಜಿ, ಉಳ್ಳಾಲದವನು, ಟೇಪು ಕುತ್ತಿಗೆಯಲ್ಲಿ ಹಾಕಿಕೊಂಡೇ ಓಡಿ ಬಂದ. "ಎಂತ ಸಾರ್, ಗಲಾಟೆ ಉಂಟಾ?" ಎಂದು ಕೇಳಿ, ಇಬ್ಬರೂ ಟೀವಿಗೆ ಬೈಯುತ್ತಿರುವುದನ್ನು ಕಂಡು ತಲೆ ಕೆರೆದುಕೊಂಡು ಇಳಿದುಹೋದ.

ಕೊನೆಯ ಇನಿಂಗ್ಸ್. ಕೆಂಪು ಟೋಪಿಯವರು ಒಂದು ರನ್ ಹಿಂದೆ. ಇಬ್ಬರು ಔಟಾಗಿದ್ದಾರೆ, ಇನ್ನೊಬ್ಬ ಔಟಾದರೆ ಖಲಾಸ್. ಇಬ್ಬರು ಓಟಗಾರರು ಕಾದು ನಿಂತಿದ್ದಾರೆ. ಚೆಂಡು ಬಂತು, ಬ್ಯಾಟು ಬೀಸಿತು, ದೂರದಲ್ಲಿ ಇಬ್ಬರು ನೀಲಿ ಟೋಪಿಗಳ ನಡುವೆ ಚೆಂಡು ಬಿದ್ದು ಉರುಳಿತು. ಒಬ್ಬ ಓಡಿ ಬಂದ. ಇನ್ನೊಬ್ಬನೂ ಧೂಳೆಬ್ಬಿಸುತ್ತಾ ಜಾರಿ ಬಂದು ಮುಟ್ಟಿದ. ಕೆಂಪು ಗೆದ್ದಿತು!

ಈಗ ಮನೆಯ ಸೂರು ಹಾರಿಹೋಗುತ್ತದೆ ಎಂದು ಅಕ್ಕ ಕಿವಿ ಮುಚ್ಚಿಕೊಂಡರು. ಆದರೆ ಭಾವನವರು ಟೀವಿ ನೋಡುತ್ತಿರಲಿಲ್ಲ. ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ ಅಬು ನಾಸಿರ್‌ರನ್ನು ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಅವರ ಮಂಡಿಯ ಮೇಲೆ ಕೈಯಿಟ್ಟು, "ಮುಂದಿನ ವರ್ಷ ಇದೆ ಸದೀಕ್. ನಿಮ್ಮವರು ಚೆನ್ನಾಗೇ ಆಡಿದ್ರು," ಎಂದರು.

ಅಬು ನಾಸಿರ್ ಮೊಹರು ಕೈಗೆತ್ತಿಕೊಂಡರು. "ಕೊನೆಯ ಐದು ನಿಮಿಷ ಬಹಳ ಆಕ್ಷೇಪಾರ್ಹ," ಎಂದು ನಿಟ್ಟುಸಿರು ಬಿಟ್ಟು, ಟಪ್ಪೆಂದು ಒತ್ತಿದರು.

ಅವರನ್ನು ಬೀದಿಯ ತನಕ ಬಿಟ್ಟು ಬಂದು ಭಾವ ಸೀದಾ ಬಚ್ಚಲಮನೆಗೆ ಹೋಗಿ ಚಿಲಕ ಹಾಕಿಕೊಂಡರು. ಒಳಗಿನಿಂದ ಧಡಧಡ ಕುಣಿತ, ಚೊಂಬು ಉರುಳಿದ ಸದ್ದು, ಬಾಯಿಗೆ ಟವೆಲ್ಲು ತುರುಕಿಕೊಂಡು ಕೂಗಿದಂಥ ಒಂದು ಕೂಗು! ನಾವು ನಕ್ಕು ನಕ್ಕು ಸುಸ್ತಾದೆವು. ಹೊರಬಂದಾಗ ಅವರ ಕಣ್ಣು ಒದ್ದೆಯಾಗಿತ್ತು.

"ಅವರ ಮುಂದೇನೇ ಕೂಗ್ಬಹುದಿತ್ತಲ್ಲ ಭಾವ? ಅವರೇನು ನಿಮ್ಮನ್ನ ಸುಮ್ನೆ ಬಿಟ್ಟಿದ್ರಾ?" ಎಂದು ನಾನು ಕೇಳಿದೆ.

"ಹೌದಮ್ಮ, ಕೂಗ್ಬಹುದಿತ್ತು," ಎಂದರು ಭಾವ, ಮುಖ ಒರೆಸಿಕೊಳ್ಳುತ್ತಾ. "ಆದ್ರೆ ಐದು ವರ್ಷದಿಂದ ಸೋತಾಗೆಲ್ಲ ನಾನೊಬ್ಬನೇ ಕೂತಿರ್ತಿದ್ದೆ. ಆಗ ಏನಾಗುತ್ತೆ ಅಂತ ನನಗೆ ಗೊತ್ತು. ಅದಕ್ಕೇ ಮೊದಲು ಅವರ ಪಕ್ಕ ಕೂತೆ."